ಸಿಗರೇಟು ಪ್ಯಾಕಿನೊಳಗಿನ ಶಾಸನಸಭೆಗಳು: 1889ರ ಕಟ್ಟಡ ಕಾರ್ಡುಗಳನ್ನು ಗುರುತಿಸುವುದು, ಓದುವುದು, ಕಾಪಾಡುವುದು ಹೇಗೆ?

1880ರ ದಶಕದ ಅಮೆರಿಕದಲ್ಲಿ ಸಿಗರೇಟು ಬರುತ್ತಿದ್ದದ್ದು ಮೆತ್ತನೆಯ ಕಾಗದದ ಪೊಟ್ಟಣದಲ್ಲಿ. ಜೇಬಿಗೆ ಹಾಕಿದರೆ ಒಳಗಿನ ಸಿಗರೇಟು ನಜ್ಜುಗುಜ್ಜು. ಅದಕ್ಕೇ ಕಂಪನಿಗಳು ಪೊಟ್ಟಣದೊಳಗೆ ಒಂದು ಗಟ್ಟಿ ರಟ್ಟಿನ ತುಂಡು ಇಡುತ್ತಿದ್ದವು. ಹೇಗೂ ಇಡುತ್ತೇವೆ, ಖಾಲಿ ಯಾಕೆ ಬಿಡಬೇಕು ಅಂತ ಅದರ ಮೇಲೆ ಬಣ್ಣದ ಚಿತ್ರ ಮುದ್ರಿಸಿದರು. ಹಕ್ಕಿ, ಮೀನು, ಬಾವುಟ, ಸೇನಾಪತಿ, ನಟಿ, ಬೇಸ್‌ಬಾಲ್ ಆಟಗಾರ, ಹೀಗೆ ಯಾವುದನ್ನೂ ಬಿಡಲಿಲ್ಲ. ಪೂರ್ತಿ ಸೆಟ್ ಕೂಡಿಸುವ ಆಸೆಗೆ ಜನ ಅದೇ ಬ್ರಾಂಡ್ ಮತ್ತೆ ಮತ್ತೆ ಕೊಂಡರು. ಕಂಪನಿಗೆ ಬೇಕಾಗಿದ್ದದ್ದೂ ಅದೇ. ಸೇದದ ಹುಡುಗರು ಕೂಡ ದೊಡ್ಡವರ ಹಿಂದೆ ಬಿದ್ದು ಕಾರ್ಡು ಕೇಳುತ್ತಿದ್ದರು. ಚಿತ್ರ ಎಷ್ಟೇ ಚೆನ್ನಾಗಿರಲಿ, ಇದು ತಂಬಾಕು ಮಾರಲು ಮಾಡಿದ ಮಾಲು ಅನ್ನೋದು ನೆನಪಿರಲಿ.

ಈ ರಾಶಿಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಕಟ್ಟಡಗಳ ಒಂದು ಸೆಟ್. ವರ್ಜೀನಿಯಾ ರಾಜ್ಯದ ರಿಚ್ಮಂಡ್ ಊರಿನ ಅಲೆನ್ ಅಂಡ್ ಗಿಂಟರ್ ಕಂಪನಿ 1889ರಲ್ಲಿ ತಂದದ್ದು. ಹೆಸರು 'ಜನರಲ್ ಗವರ್ನಮೆಂಟ್ ಅಂಡ್ ಸ್ಟೇಟ್ ಕ್ಯಾಪಿಟಲ್ ಬಿಲ್ಡಿಂಗ್ಸ್'. ಒಟ್ಟು 50 ಕಾರ್ಡು. ಕೇಂದ್ರ ಸರ್ಕಾರದ ಕಟ್ಟಡಗಳು, ರಾಜ್ಯಗಳ ಶಾಸನಸಭೆಗಳು ಇದರ ವಿಷಯ. ನಮ್ಮಲ್ಲಿ ವಿಧಾನಸೌಧ ಇದ್ದಂತೆ ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕ್ಯಾಪಿಟಲ್ ಕಟ್ಟಡ.

ಆಟಗಾರರ ಕಾರ್ಡಿನಲ್ಲಿ ಪರೀಕ್ಷಿಸಲು ಇರುವುದು ಮುಖ ಮತ್ತು ಹೆಸರು. ಕಟ್ಟಡದ ಕಾರ್ಡು ಹಾಗಲ್ಲ. ಕಟ್ಟಡಕ್ಕೆ ಶುರುವಾದ ವರ್ಷ, ಮುಗಿದ ವರ್ಷ, ರೆಕ್ಕೆ (ಪಕ್ಕಕ್ಕೆ ಚಾಚಿದ ಕಟ್ಟಡದ ಭಾಗ) ಸೇರಿಸಿದ ವರ್ಷ, ಬೆಂಕಿ ಬಿದ್ದ ದಿನ ಎಲ್ಲಾ ದಾಖಲೆಯಲ್ಲಿ ಇರುತ್ತದೆ. ಹಾಗಾಗಿ ಚಿತ್ರವನ್ನು ಚರಿತ್ರೆಯ ಜೊತೆ ತಾಳೆ ಹಾಕಬಹುದು. ಈ ಹವ್ಯಾಸದ ರುಚಿ ಇರುವುದು ಅಲ್ಲೇ, ಕೊಂಡು ಪೆಟ್ಟಿಗೆಯಲ್ಲಿ ಇಡುವುದರಲ್ಲಲ್ಲ. ಇದಕ್ಕೆ ಬೆಂಗಳೂರಲ್ಲಿ ಕೂತರೂ ಸಾಕು, ಒಂದು ರೂಪಾಯಿ ಖರ್ಚಿಲ್ಲದೆ ಶುರು ಮಾಡಬಹುದು.

ಹಂತ 1: ಕೊಳ್ಳುವ ಮೊದಲು ನೋಡಿ

ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ ವೆಬ್‌ಸೈಟ್‌ಗೆ ಹೋಗಿ. ಸಂಗ್ರಹ ಹುಡುಕುವ ಜಾಗದಲ್ಲಿ ಕಂಪನಿಯ ಹೆಸರನ್ನೂ (Allen & Ginter) ಈ ಸೆಟ್ಟಿನ ಗುರುತಾದ 'ಎನ್14' (N14) ಎಂಬ ಸಂಖ್ಯೆಯನ್ನೂ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಕಾರ್ಡುಗಳು ಒಂದೊಂದಾಗಿ ಬರುತ್ತವೆ. 'ಓಪನ್ ಆಕ್ಸೆಸ್' ಗುರುತು ಇರುವ ಚಿತ್ರಗಳನ್ನು ಇಳಿಸಿಕೊಳ್ಳಬಹುದು, ಬ್ಲಾಗಿಗೆ ಹಾಕಿಕೊಳ್ಳಬಹುದು, ಮುದ್ರಿಸಿಕೊಳ್ಳಲೂಬಹುದು. ಯಾರ ಅನುಮತಿಯೂ ಬೇಡ. ಮ್ಯೂಸಿಯಂ 2017ರಿಂದ ಈ ಸೌಲಭ್ಯ ಕೊಟ್ಟಿದೆ.

ಎರಡನೆಯ ಜಾಗ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಡಿಜಿಟಲ್ ಸಂಗ್ರಹ. ಅಲ್ಲಿ ಜಾರ್ಜ್ ಅರೆಂಟ್ಸ್ ಕೊಟ್ಟ ತಂಬಾಕು ಸಂಗ್ರಹವಿದೆ. ಅರೆಂಟ್ಸ್ ಬೇರೆ ಯಾರೂ ಅಲ್ಲ, ಅಲೆನ್ ಅಂಡ್ ಗಿಂಟರ್‌ನ ಲೂಯಿಸ್ ಗಿಂಟರ್‌ಗೆ ಸಂಬಂಧಿಕ.

ಹುಡುಕುವಾಗ ಒಂದು ಗೊಂದಲ ಆಗುತ್ತದೆ. ಟಾಪ್ಸ್ ಕಂಪನಿ 2006ರಿಂದ ಇದೇ 'ಅಲೆನ್ ಅಂಡ್ ಗಿಂಟರ್' ಹೆಸರಲ್ಲಿ ಹೊಸ ಬೇಸ್‌ಬಾಲ್ ಕಾರ್ಡು ತರುತ್ತಿದೆ. ಮಾರಾಟದ ತಾಣಗಳಲ್ಲಿ ಅವೇ ಮೊದಲು ಬರುತ್ತವೆ. ಹುಡುಕುವ ಪದಗಳ ಜೊತೆ 1889 ಅಂತ ಸೇರಿಸಿದರೆ ಕಾಟ ಕಡಿಮೆ.

ಹಂತ 2: ಸಂಖ್ಯೆ ಅರ್ಥ ಮಾಡಿಕೊಳ್ಳಿ

'ಎನ್14' ಅನ್ನೋದು ತಂಬಾಕು ಕಂಪನಿ ಕೊಟ್ಟ ಸಂಖ್ಯೆಯಲ್ಲ. ಕೊಟ್ಟವರು ಜೆಫರ್ಸನ್ ಬರ್ಡಿಕ್. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಊರಿನಲ್ಲಿ ವಿದ್ಯುತ್ ಕೆಲಸ ಮಾಡುತ್ತಿದ್ದವರು. 3 ಲಕ್ಷಕ್ಕೂ ಹೆಚ್ಚು ಕಾರ್ಡು ಮತ್ತು ಜಾಹೀರಾತು ಚೂರುಗಳನ್ನು ಕೂಡಿಹಾಕಿ ಎಲ್ಲವನ್ನೂ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟರು. ಕೊಟ್ಟು ಸುಮ್ನೆ ಕೂರಲಿಲ್ಲ. ಸಂಧಿವಾತದಿಂದ ಕೈಬೆರಳು ಸೊಟ್ಟಗಾಗಿದ್ದರೂ ವರ್ಷಗಟ್ಟಲೆ ಅಲ್ಲೇ ಕೂತು ಕಾರ್ಡುಗಳನ್ನು ಆಲ್ಬಮ್‌ಗಳಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಯಿತು. ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಮ್ಯೂಸಿಯಂನ ಪುಟದಲ್ಲಿ ಕಾರ್ಡಿನ ದಾಖಲೆ ಸಂಖ್ಯೆ 63.350 ಅಂತ ಶುರುವಾದರೆ ಅದು ಬರ್ಡಿಕ್ ಸಂಗ್ರಹದ್ದು.

ಅವರ ಪಟ್ಟಿಯಲ್ಲಿ 'ಎನ್' ಅಂದರೆ 19ನೇ ಶತಮಾನದ ತಂಬಾಕು ಕಾರ್ಡು. 'ಟಿ' ಅಂದರೆ 20ನೇ ಶತಮಾನದ್ದು. ಇಂದಿಗೂ ಮಾರುವವರು, ಕೊಳ್ಳುವವರು, ಮ್ಯೂಸಿಯಂನವರು ಎಲ್ಲರೂ ಮಾತಾಡುವುದು ಇದೇ ಸಂಖ್ಯೆಯಲ್ಲಿ. ಹಾಗಾಗಿ ಯಾರಾದರೂ 'ಹಳೇ ಕಟ್ಟಡದ ಕಾರ್ಡು ಇದೆ' ಅಂದರೆ ಮೊದಲು ಈ ಸಂಖ್ಯೆ ಕೇಳಿ. ಹೇಳಲು ಬರಲಿಲ್ಲ ಅಂದರೆ ಮೋಸಗಾರ ಅಂತಲ್ಲ. ಗುರುತಿಸುವ ಕೆಲಸ ನಿಮ್ಮ ಮೇಲೆ ಬಿತ್ತು ಅಷ್ಟೇ.

ಹಂತ 3: ಹಿಂಭಾಗ ಓದಿ

ಎಲ್ಲರೂ ಮುಂಭಾಗ ನೋಡಿ ಮನಸೋಲುತ್ತಾರೆ. ಮಾಹಿತಿ ಇರುವುದು ಹಿಂದೆ. ಅಲೆನ್ ಅಂಡ್ ಗಿಂಟರ್ ಕಾರ್ಡುಗಳ ಹಿಂದೆ ಸಾಮಾನ್ಯವಾಗಿ ಆ ಸೆಟ್ಟಿನ ಎಲ್ಲ ಕಾರ್ಡುಗಳ ಪಟ್ಟಿ, ಕಂಪನಿಯ ಹೆಸರು, ರಿಚ್ಮಂಡ್ ಅಂತ ಊರು ಇರುತ್ತದೆ.

ಈ ಪಟ್ಟಿಯೇ ಕಾಲ ತಿಳಿಯುವ ಮೊದಲ ಸುಳಿವು. 1889 ಶುರುವಾದಾಗ ಅಮೆರಿಕದಲ್ಲಿ ಇದ್ದದ್ದು 38 ರಾಜ್ಯ. ಅದೇ ವರ್ಷದ ನವೆಂಬರ್‌ನಲ್ಲಿ ಉತ್ತರ ಡಕೋಟಾ, ದಕ್ಷಿಣ ಡಕೋಟಾ, ಮೊಂಟಾನಾ, ವಾಷಿಂಗ್ಟನ್ ಸೇರಿ 42 ಆದವು. ರಾಜ್ಯಗಳ ಹೆಸರಿರುವ ಯಾವುದೇ ಹಳೆಯ ಕಾರ್ಡು ಸಿಕ್ಕರೂ ಡಕೋಟಾ ಒಂದೇ ಇದೆಯಾ, ಎರಡಾಗಿದೆಯಾ ನೋಡಿ. ರಾಜ್ಯ ಅಂತ ಇದೆಯಾ, ಟೆರಿಟರಿ (ಇನ್ನೂ ರಾಜ್ಯವಾಗದ ಪ್ರದೇಶ) ಅಂತ ಇದೆಯಾ ನೋಡಿ. ಇಷ್ಟರಲ್ಲೇ ಎಷ್ಟೋ ಸಲ ವರ್ಷ ಸಿಕ್ಕಿಬಿಡುತ್ತದೆ.

ಎರಡನೆಯ ಸುಳಿವು ಕಂಪನಿಯ ಹೆಸರು. ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಆಗ ಸಿಗರೇಟನ್ನು ಕೈಯಲ್ಲೇ ಸುತ್ತುತ್ತಿದ್ದರು. ಸುತ್ತುವ ಯಂತ್ರ ಮಾಡಿದವರಿಗೆ 75,000 ಡಾಲರ್ ಬಹುಮಾನ ಅಂತ ಅಲೆನ್ ಅಂಡ್ ಗಿಂಟರ್ ಸಾರಿತು. ಜೇಮ್ಸ್ ಬೊನ್ಸಾಕ್ ಎಂಬ ಹುಡುಗ ದಿನಕ್ಕೆ 1 ಲಕ್ಷಕ್ಕೂ ಹೆಚ್ಚು ಸಿಗರೇಟು ಸುತ್ತುವ ಯಂತ್ರ ಮಾಡಿದ. ತಮಾಷೆ ಅಂದರೆ ಬಹುಮಾನ ಸಾರಿದ ಕಂಪನಿಯೇ ಹಿಂದೇಟು ಹಾಕಿತು. ಡರ್ಹಮ್ ಊರಿನ ಡ್ಯೂಕ್ ಕಂಪನಿ ಯಂತ್ರ ಹಿಡಿದು ಮುಂದೆ ಓಡಿತು. ಮಾಲು ಜಾಸ್ತಿಯಾದಾಗ ಗಿರಾಕಿಯೂ ಜಾಸ್ತಿ ಬೇಕಲ್ವಾ? ಜಾಹೀರಾತಿನ ಪೈಪೋಟಿ ಏರಿತು, ಕಾರ್ಡುಗಳ ಸುಗ್ಗಿಯಾಯಿತು. 1890ರಲ್ಲಿ ಡ್ಯೂಕ್, ಅಲೆನ್ ಅಂಡ್ ಗಿಂಟರ್, ಕಿನ್ನಿ, ಕಿಂಬಲ್, ಗುಡ್ವಿನ್ ಐದೂ ಸೇರಿ ಅಮೆರಿಕನ್ ಟೊಬ್ಯಾಕೊ ಕಂಪನಿ ಆಯಿತು. ಎದುರಾಳಿಯೇ ಇಲ್ಲದ ಮೇಲೆ ಕಾರ್ಡಿಗೆ ಯಾಕೆ ದುಡ್ಡು ಸುರಿಯಬೇಕು? ಕೆಲವೇ ವರ್ಷಗಳಲ್ಲಿ ಸುಗ್ಗಿ ಮುಗಿಯಿತು. ಹಿಂಭಾಗದಲ್ಲಿ ಅಮೆರಿಕನ್ ಟೊಬ್ಯಾಕೊ ಹೆಸರಿದ್ದರೆ ಆ ಕಾರ್ಡು 1890ಕ್ಕಿಂತ ಹಿಂದಿನದಲ್ಲ.

ಹಂತ 4: ಭೂತಗನ್ನಡಿ ಹಿಡಿಯಿರಿ

10 ಪಟ್ಟು ದೊಡ್ಡದು ಮಾಡುವ ಲೂಪ್ ಸಾಕು. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥದ್ದು. ಫೋನಿನ ಮ್ಯಾಕ್ರೊ ಕ್ಯಾಮೆರಾ ಚೆನ್ನಾಗಿದ್ದರೆ ಅದೂ ಆಗುತ್ತದೆ.

ಈ ಕಾರ್ಡುಗಳನ್ನು ಮುದ್ರಿಸಿದ ವಿಧಾನ ಕ್ರೋಮೊಲಿಥೋಗ್ರಫಿ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಚಿತ್ರ ಬಿಡಿಸುತ್ತಾರೆ. ಕಲ್ಲಿಗೆ ನೀರು ಸವರಿದರೆ ಜಿಡ್ಡಿಲ್ಲದ ಜಾಗದಲ್ಲಿ ನೀರು ನಿಲ್ಲುತ್ತದೆ. ಅಲ್ಲಿಗೆ ಶಾಯಿ ಹತ್ತುವುದಿಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ತೆಳು ಗುಲಾಬಿ, ತಿಳಿನೀಲಿ, ಮಣ್ಣುಬಣ್ಣ, ಕಪ್ಪು ಎಲ್ಲವನ್ನೂ ಒಂದರ ಮೇಲೊಂದು ಅಚ್ಚು ಹಾಕಬೇಕು. ನೆರಳು ಬೆಳಕಿಗಾಗಿ ಕಲಾವಿದರು ಕೈಯಲ್ಲೇ ಸಾವಿರಾರು ಚುಕ್ಕಿ ಇಡುತ್ತಿದ್ದರು.

ಹಾಗಾಗಿ ಅಸಲಿ ಕಾರ್ಡಿನಲ್ಲಿ ಚುಕ್ಕಿಗಳು ಅಡ್ಡಾದಿಡ್ಡಿ. ಕೆಲವು ದಪ್ಪ, ಕೆಲವು ಸಣ್ಣ. ಒಂದು ಕಡೆ ಗಿಜಿಗಿಜಿ, ಇನ್ನೊಂದು ಕಡೆ ವಿರಳ. ಈಗಿನ ಆಫ್‌ಸೆಟ್ ಮರುಮುದ್ರಣದಲ್ಲಿ ಚುಕ್ಕಿಗಳು ಚುಕ್ಕಿರಂಗೋಲಿಯ ಹಾಗೆ ಲೆಕ್ಕಾಚಾರವಾಗಿ ಸಾಲು ಹಿಡಿದು ಕೂತಿರುತ್ತವೆ. ನೀಲಿ, ಕೆನ್ನೀಲಿಗೆಂಪು, ಹಳದಿ, ಕಪ್ಪು ಈ ನಾಲ್ಕೇ ಬಣ್ಣ ಸೇರಿ ಸಣ್ಣ ಹೂವಿನ ಆಕಾರ ಕಟ್ಟಿರುತ್ತವೆ.

ಆಕಾಶ, ಗುಮ್ಮಟ ಎಲ್ಲ ನೋಡುತ್ತಾ ತಲೆಕೆಡಿಸಿಕೊಳ್ಳುವ ಮೊದಲು ಅಕ್ಷರಗಳನ್ನು ನೋಡಿ. ಹಳೆಯ ಮುದ್ರಣದಲ್ಲಿ ಅಕ್ಷರ ಗಟ್ಟಿ ಶಾಯಿಯದ್ದು, ಅಂಚು ಸ್ಪಷ್ಟ. ಸ್ಕ್ಯಾನ್ ಮಾಡಿ ಮುದ್ರಿಸಿದ್ದರೆ ಅಕ್ಷರದೊಳಗೂ ಚುಕ್ಕಿ ಇಣುಕುತ್ತದೆ, ಅಂಚು ಮಸುಕು. ನಕಲಿ ಹಿಡಿಯಲು ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ಬಣ್ಣ ಒಂದು ಕೂದಲೆಳೆ ಪಕ್ಕಕ್ಕೆ ಸರಿದಿದ್ದರೆ ಗಾಬರಿ ಬೇಡ. ಒಂದೊಂದು ಕಲ್ಲಿಗೂ ಹಾಳೆಯನ್ನು ಸರಿಯಾಗಿ ಕೂರಿಸಬೇಕಿತ್ತು. ಲಕ್ಷಗಟ್ಟಲೆ ಕಾರ್ಡಿನಲ್ಲಿ ಸ್ವಲ್ಪ ಆಚೀಚೆ ಆಗಿಯೇ ಆಗುತ್ತದೆ.

ಹಂತ 5: ಅಳತೆ ಮತ್ತು ಕಾಗದ

ಸಾಮಾನ್ಯ ಅಳತೆ ಒಂದೂವರೆ ಇಂಚು ಅಗಲ, ಎರಡೂಮುಕ್ಕಾಲು ಇಂಚು ಉದ್ದ. ಸ್ಕೇಲ್ ಇಟ್ಟು ನೋಡಿ. ತೀರಾ ಚಿಕ್ಕದಾಗಿದ್ದರೆ ಸವೆದ ಅಂಚನ್ನು ಯಾರೋ ಕತ್ತರಿಸಿ ಹೊಸದರಂತೆ ಮಾಡಿರಬಹುದು. ನಾಲ್ಕೂ ಮೂಲೆ ಚೂಪಾಗಿದ್ದು ಕಾರ್ಡು ಮಾತ್ರ ಕುಳ್ಳಾಗಿದ್ದರೆ ಅನುಮಾನ ಪಡಿ.

ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚ್ ಹಾಕಿ. ನೋಟು ಪರೀಕ್ಷಿಸುವ ಸಣ್ಣ ದೀಪವೂ ಆಗುತ್ತದೆ. 20ನೇ ಶತಮಾನದ ನಡುವಿನಿಂದ ಕಾಗದಕ್ಕೆ ಬಿಳಿ ಹೊಳಪಿನ ರಾಸಾಯನಿಕ ಸೇರಿಸುವುದು ರೂಢಿಯಾಯಿತು. ಅಂಥ ಕಾಗದ ನೀಲಿಬಿಳಿಯಾಗಿ ಫಳಫಳ ಹೊಳೆಯುತ್ತದೆ. 1889ರದ್ದು ಹಾಗೆ ಹೊಳೆಯಬಾರದು. ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತ ತೀರ್ಮಾನಿಸಬೇಡಿ, ಹಳೆಯ ಖಾಲಿ ಕಾಗದದ ಮೇಲೂ ಮುದ್ರಿಸಬಹುದು. ಹೊಳೆದರೆ ಮಾತ್ರ ಅಲ್ಲಿಗೇ ಮಾತು ಮುಗಿಯಿತು.

ಹಂತ 6: ಕಟ್ಟಡದ ಜೊತೆ ತಾಳೆ ಹಾಕಿ

ಇನ್ನು ನಿಜವಾದ ಕೆಲಸ. ಒಂದು ಕಾರ್ಡು ತೆಗೆದುಕೊಳ್ಳಿ, ಪರದೆಯ ಮೇಲಿನದಾದರೂ ಸರಿ. ಕಂಡದ್ದನ್ನು ಬರೆದುಕೊಳ್ಳಿ: ಗುಮ್ಮಟ ಇದೆಯಾ, ಎಷ್ಟು ಕಂಬ, ಪಕ್ಕದ ರೆಕ್ಕೆ ಇದೆಯಾ, ಮೆಟ್ಟಿಲು ಎಲ್ಲಿ, ಗೋಡೆಯ ಬಣ್ಣ ಯಾವುದು. ಆಮೇಲೆ ಆ ಕಟ್ಟಡದ ಚರಿತ್ರೆ ಹುಡುಕಿ ಮೂರು ಪ್ರಶ್ನೆ ಕೇಳಿ. 1889ರಲ್ಲಿ ಇದು ಇತ್ತಾ? ಇದ್ದರೆ ಪೂರ್ತಿಯಾಗಿತ್ತಾ? ಈಗಲೂ ಇದೆಯಾ?

ಕಂಪನಿಯ ಸ್ವಂತ ಊರಿನಿಂದಲೇ ಶುರು ಮಾಡೋಣ. ರಿಚ್ಮಂಡ್‌ನಲ್ಲಿರುವ ವರ್ಜೀನಿಯಾ ಕ್ಯಾಪಿಟಲ್ ಥಾಮಸ್ ಜೆಫರ್ಸನ್ ವಿನ್ಯಾಸ. ಫ್ರಾನ್ಸ್‌ನ ನೀಮ್ ಊರಿನ ಹಳೆಯ ರೋಮನ್ ಗುಡಿಯನ್ನು ಮಾದರಿಯಾಗಿ ಇಟ್ಟುಕೊಂಡು ಮಾಡಿದ್ದು. ಈಗ ಹೋಗಿ ನೋಡಿದರೆ ಎಡಬಲದಲ್ಲಿ ಎರಡು ರೆಕ್ಕೆ, ಮುಂದೆ ಅಗಲವಾದ ಮೆಟ್ಟಿಲು. ಇವೆಲ್ಲ ಬಂದದ್ದು 1904ರಿಂದ 1906ರ ನಡುವೆ. 1889ರ ಚಿತ್ರದಲ್ಲಿ ಇರಬೇಕಾದದ್ದು ಒಂಟಿ ಗುಡಿಯಂಥ ಕಟ್ಟಡ ಮಾತ್ರ. ವರ್ಜೀನಿಯಾದ ಕಡೆ ನೆಲೆಸಿರುವ ಕನ್ನಡಿಗರು ಕಾರ್ಡಿನ ಚಿತ್ರ ಫೋನಿಗೆ ಇಳಿಸಿಕೊಂಡು ಹೋಗಿ ಎದುರಿಗೆ ನಿಂತು ಹೋಲಿಸಬಹುದು.

ಪೆನ್ಸಿಲ್ವೇನಿಯಾದ ಕಥೆ ಬೇರೆ. ಹ್ಯಾರಿಸ್‌ಬರ್ಗ್‌ನಲ್ಲಿ ಆಗ ಇದ್ದದ್ದು 1822ರಲ್ಲಿ ಮುಗಿದ ಇಟ್ಟಿಗೆ ಕಟ್ಟಡ. 1897ರ ಫೆಬ್ರವರಿ 2ರಂದು ಬೆಂಕಿಗೆ ಆಹುತಿಯಾಯಿತು. ಈಗಿನ ಹಸಿರು ಗುಮ್ಮಟದ ಭವ್ಯ ಕಟ್ಟಡ ಉದ್ಘಾಟನೆಯಾದದ್ದು 1906ರಲ್ಲಿ. (ಅದರ ಪೀಠೋಪಕರಣದ ಬಿಲ್ಲಿನಲ್ಲಿ ದೊಡ್ಡ ಹಗರಣವಾಗಿ ವಾಸ್ತುಶಿಲ್ಪಿಯೇ ಜೈಲಿಗೆ ಹೋದ. ಕೇಳಿದ ಕಥೆಯಂತೆಯೇ ಇದೆ, ಅಲ್ವಾ?) 'ಪೆನ್ಸಿಲ್ವೇನಿಯಾ 1889' ಅಂತ ಯಾರಾದರೂ ಹಸಿರು ಗುಮ್ಮಟ ತೋರಿಸಿದರೆ ಲೂಪ್ ಕೂಡ ಬೇಕಿಲ್ಲ.

ವಿಸ್ಕಾನ್ಸಿನ್‌ನ ಕಟ್ಟಡ 1904ರಲ್ಲಿ ಸುಟ್ಟಿತು. ಮಿಸೌರಿಯದ್ದಕ್ಕೆ 1911ರಲ್ಲಿ ಸಿಡಿಲು ಬಡಿದು ಬೆಂಕಿ ಹತ್ತಿತು. ಪಶ್ಚಿಮ ವರ್ಜೀನಿಯಾದ್ದು 1921ರಲ್ಲಿ, ಓರೆಗಾನ್‌ನದ್ದು 1935ರಲ್ಲಿ ಹೋಯಿತು. ಹೀಗೆ ಇಲ್ಲದಾದ ಕಟ್ಟಡಗಳ ಕಾರ್ಡುಗಳನ್ನೇ ಮೊದಲು ಹುಡುಕಿ ಅಂತ ನನ್ನ ಸಲಹೆ. ಪೈಪೋಟಿ ಕಡಿಮೆ, ವಿಷಯ ಜಾಸ್ತಿ.

ಟೆಕ್ಸಸ್ ತೆಗೆದುಕೊಳ್ಳಿ. ಆಸ್ಟಿನ್‌ನ ಕ್ಯಾಪಿಟಲ್ 1888ರಲ್ಲಿ ಉದ್ಘಾಟನೆಯಾದದ್ದು. ಕಾರ್ಡು ಬಂದಾಗ ಅದು ಬಿಸಿಬಿಸಿ ಸುದ್ದಿ. ಕಟ್ಟಲು ರಾಜ್ಯದ ಬಳಿ ನಗದು ಇರಲಿಲ್ಲ. ಗುತ್ತಿಗೆದಾರರಿಗೆ 30 ಲಕ್ಷ ಎಕರೆ ಜಮೀನು ಕೊಟ್ಟರು. ಅದೇ ಮುಂದೆ ಎಕ್ಸ್ಐಟಿ ಎಂಬ ಭಾರಿ ದನದ ರ‍್ಯಾಂಚ್ ಆಯಿತು. ಗೋಡೆ ಕೆಂಪು ಗ್ರಾನೈಟ್. ಕಾರ್ಡಿನ ಬಣ್ಣ ಈ ಕೆಂಪಿಗೆ ಎಷ್ಟು ಹತ್ತಿರವಿದೆ ನೋಡಿ. ಬೂದು ಅಥವಾ ಬಿಳಿ ಇದ್ದರೆ ಕಲಾವಿದನ ಎದುರು ಇದ್ದದ್ದು ಬಣ್ಣವಿಲ್ಲದ ಫೋಟೋ ಅಥವಾ ಕೆತ್ತನೆ ಚಿತ್ರ ಎಂದು ಊಹಿಸಬಹುದು.

ಇಲ್ಲೊಂದು ಮುಖ್ಯ ವಿಷಯ. ಅಲೆನ್ ಅಂಡ್ ಗಿಂಟರ್‌ನ ಹಲವು ಕಾರ್ಡು ಮುದ್ರಿಸಿದ್ದು ನ್ಯೂಯಾರ್ಕ್‌ನ ಲಿಂಡ್ನರ್, ಎಡ್ಡಿ ಅಂಡ್ ಕ್ಲಾಸ್. ಕಲಾವಿದರು ಊರೂರು ಸುತ್ತಿ ಕಟ್ಟಡ ನೋಡಿ ಬರೆದರು ಎಂದುಕೊಳ್ಳಬೇಡಿ. ಫೋಟೋ, ಪತ್ರಿಕೆಯ ಚಿತ್ರ, ವಾಸ್ತುಶಿಲ್ಪಿಯ ನಕ್ಷೆ ಎದುರಿಗಿಟ್ಟುಕೊಂಡು ಬಿಡಿಸುವುದೇ ಲಿಥೋಗ್ರಾಫ್ ಅಂಗಡಿಗಳ ರೂಢಿ. ಹಾಗಾಗಿ ಮುಗಿಯದ ಕಟ್ಟಡವೂ ಮುಗಿದಂತೆ ಕಾಣಬಹುದು.

ಕೊಲರಾಡೊ ಕ್ಯಾಪಿಟಲ್ ಕೆಲಸ ಶುರುವಾದದ್ದು 1886ರಲ್ಲಿ, ಪೂರ್ತಿ ಮುಗಿದದ್ದು 1901ರಲ್ಲಿ. 1889ರಲ್ಲಿ ಡೆನ್ವರ್‌ನಲ್ಲಿ ಅಂಥ ಗುಮ್ಮಟವೇ ಇರಲಿಲ್ಲ. ಗುಮ್ಮಟಕ್ಕೆ ಚಿನ್ನದ ಹಾಳೆ ಬಂದದ್ದು 1908ರಲ್ಲಿ. ಆ ಕಾಲದ ಚಿತ್ರದಲ್ಲಿ ಪೂರ್ಣ ಕಟ್ಟಡ ಕಂಡರೆ ಅದು ನಕ್ಷೆಯಿಂದ ಬಂದದ್ದು. ವಾಸ್ತುಶಿಲ್ಪಿ ಎಲೈಜಾ ಮೈಯರ್ಸ್. ಟೆಕ್ಸಸ್, ಮಿಷಿಗನ್ ಕ್ಯಾಪಿಟಲ್‌ಗಳೂ ಅವರದ್ದೇ. ಮೂರು ಕಾರ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಕೈ ಅಂತ ಗೊತ್ತಾಗುತ್ತದೆ.

ನ್ಯೂಯಾರ್ಕ್ ರಾಜ್ಯದ್ದು ಇನ್ನೂ ಸ್ವಾರಸ್ಯ. ಆಲ್ಬನಿಯ ಕಟ್ಟಡ 1867ರಲ್ಲಿ ಶುರುವಾಗಿ 1899ರವರೆಗೆ ಎಳೆಯಿತು. ಮೊದಲ ವಿನ್ಯಾಸದಲ್ಲಿ ನಡುವೆ ಎತ್ತರದ ಗೋಪುರವಿತ್ತು, ಅದನ್ನು ಕೊನೆಗೂ ಕಟ್ಟಲಿಲ್ಲ. ಆ ಕಾಲದ ಯಾವುದೇ ಚಿತ್ರದಲ್ಲಿ ಗೋಪುರ ಕಂಡರೆ ನೀವು ನೋಡುತ್ತಿರುವುದು ಎಂದೂ ಇಲ್ಲದ ಕಟ್ಟಡವನ್ನು.

ಚಿನ್ನದ ಬಣ್ಣದ ವಿಷಯದಲ್ಲಿ ಜಾಗ್ರತೆ. ಬಾಸ್ಟನ್‌ನಲ್ಲಿರುವ ಮ್ಯಾಸಚೂಸೆಟ್ಸ್ ಶಾಸನಸಭೆಯ ಗುಮ್ಮಟಕ್ಕೆ 1874ರಲ್ಲೇ ಚಿನ್ನ ಹಚ್ಚಿದ್ದರು, ಹಾಗಾಗಿ ಅದು ಹಳದಿಯಾಗಿ ಕಂಡರೆ ಸರಿ. ಆದರೆ ಅದೇ ಕಟ್ಟಡದ ಬಿಳಿ ರೆಕ್ಕೆಗಳು 1917ರವು. ಅಟ್ಲಾಂಟಾದ ಜಾರ್ಜಿಯಾ ಕ್ಯಾಪಿಟಲ್ ಸರಿಯಾಗಿ 1889ರಲ್ಲೇ ಮುಗಿದದ್ದು, ಚಿನ್ನ ಬಂದದ್ದು 1958ರಲ್ಲಿ. ಶ್ವೇತಭವನದ ಚಿತ್ರವಾದರೆ ಪಶ್ಚಿಮದ ಕಚೇರಿ ಭಾಗ ಇರಬಾರದು, ಅದು 1902ರದ್ದು.

ಹೊಂದಲಿಲ್ಲ ಅಂದ ತಕ್ಷಣ ನಕಲಿ ಅನ್ನಬೇಡಿ. ಮುಂದೆ ಸೇರಿಸಿದ ಭಾಗ ಕಂಡರೆ ಮಾತ್ರ ಅದು ಗಂಭೀರ. ನಕ್ಷೆಯಲ್ಲಿದ್ದು ಕಟ್ಟದೇ ಬಿಟ್ಟ ಭಾಗ ಕಂಡರೆ ಅದು ಆ ಕಾಲದ್ದೇ ಎನ್ನಲು ಇನ್ನೊಂದು ಸಾಕ್ಷಿ.

ಹಂತ 7: ಕೊಳ್ಳುವುದಾದರೆ

ಬೇಸ್‌ಬಾಲ್ ಆಟಗಾರರಿರುವ ಎನ್28 ಸೆಟ್ಟಿನ ಬೆಲೆ ನೋಡಿ ಹೆದರಬೇಡಿ. ಕಟ್ಟಡದ ಕಾರ್ಡುಗಳಿಗೆ ಅಷ್ಟು ಬೇಡಿಕೆ ಇಲ್ಲ, ಬೆಲೆ ಅದಕ್ಕಿಂತ ತುಂಬಾ ಕೆಳಗೆ. ಪೂರ್ತಿ ಸೆಟ್ಟಿಗೆ ಕೈ ಹಾಕದೆ ಒಂದೊಂದೇ ತೆಗೆದುಕೊಳ್ಳಿ.

ಮುಂಭಾಗ, ಹಿಂಭಾಗ ಎರಡರ ಫೋಟೋನೂ ಕೇಳಿ. ಆಗಿನವರು ಕಾರ್ಡುಗಳನ್ನು ಗೋಂದು ಹಚ್ಚಿ ಪುಸ್ತಕಕ್ಕೆ ಅಂಟಿಸುತ್ತಿದ್ದರು. ಕಿತ್ತಾಗ ಹಿಂದಿನ ಪಟ್ಟಿ ಹರಿದುಹೋಗುತ್ತದೆ. ನಮಗೆ ಆ ಪಟ್ಟಿಯೇ ಬೇಕು, ಹಾಗಾಗಿ ಮೂಲೆ ಸವೆದರೂ ಹಿಂಭಾಗ ಗಟ್ಟಿಯಾಗಿರುವ ಕಾರ್ಡನ್ನೇ ಆರಿಸಿ. ಅಂಟಿದ ಕಾಗದ ತೆಗೆಯಲು ನೀರಿನಲ್ಲಿ ನೆನೆಸುವ ಸಾಹಸ ಬೇಡ.

ಹೊರದೇಶದಿಂದ ತರಿಸಿದರೆ ಅಂಚೆ ವೆಚ್ಚದ ಜೊತೆ ಕಸ್ಟಮ್ಸ್ ಸುಂಕವೂ ಬೀಳಬಹುದು. ಇನ್ನೊಂದು ಮಾತು. 100 ವರ್ಷ ದಾಟಿದ ಕಲಾವಸ್ತುಗಳನ್ನು ಭಾರತದಿಂದ ಹೊರಗೆ ಕಳಿಸಲು 1972ರ ಪುರಾತನ ವಸ್ತುಗಳ ಕಾಯಿದೆಯ ನಿರ್ಬಂಧವಿದೆ. ಮುಂದೆ ಮಾರುವ ಯೋಚನೆ ಇದ್ದರೆ ಬಿಲ್ಲು, ಪಾರ್ಸೆಲ್ ಕಾಗದ ಎಲ್ಲ ಜೋಪಾನವಾಗಿಡಿ. ಕಳಿಸುವ ಮೊದಲು ಪುರಾತತ್ವ ಇಲಾಖೆಯವರನ್ನು ಕೇಳಿ.

ಹಂತ 8: ನಮ್ಮ ಹವೆಯಲ್ಲಿ ಕಾಪಾಡುವುದು

ಲ್ಯಾಮಿನೇಷನ್ ಮಾಡಿಸಬೇಡಿ. ಅಂಕಪಟ್ಟಿಯಿಂದ ಹಿಡಿದು ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸುವುದು ನಮಗೆ ಅಭ್ಯಾಸ. ಬಿಸಿಗೆ ಶಾಯಿಯೂ ಕೆಡುತ್ತದೆ, ಮತ್ತೆ ಬಿಡಿಸಲೂ ಆಗುವುದಿಲ್ಲ.

ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಪಾರದರ್ಶಕ ಲಕೋಟೆಯಲ್ಲಿ (ಸ್ಲೀವ್) ಇಡಿ. ಪಿವಿಸಿ ಬೇಡ, ಕಾಲ ಕಳೆದಂತೆ ಜಿಗುಟಾಗಿ ಚಿತ್ರಕ್ಕೆ ಅಂಟುತ್ತದೆ. ಹಿಂದೆ ಆಮ್ಲರಹಿತ ರಟ್ಟು ಇರಲಿ. ಮಂಗಳೂರು, ಕಾರವಾರ, ಶಿವಮೊಗ್ಗದ ಕಡೆಯವರಿಗೆ ಮಳೆಗಾಲವೇ ಶತ್ರು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಒಂದು ಸಣ್ಣ ತೇವಾಂಶ ಮಾಪಕ ಇಡಿ. ಶೇಕಡ 50ರ ಆಸುಪಾಸು ನಿಂತರೆ ಸಾಕು. ಜೆಲ್ ಮಣಿಗಳ ಬಣ್ಣ ಬದಲಾದಾಗ ಹೊಸದು ಹಾಕಿ. ಗೋಡೆಗೆ ತಾಗಿದ ಬೀರು, ಬಿಸಿಲು ಬೀಳುವ ಗೋಡೆ ಎರಡೂ ಬೇಡ. ತೂಗುಹಾಕುವ ಆಸೆ ಇದ್ದರೆ ಮ್ಯೂಸಿಯಂನ ಚಿತ್ರ ಮುದ್ರಿಸಿ ಅದಕ್ಕೇ ಚೌಕಟ್ಟು ಹಾಕಿಸಿ.

ಹಂತ 9: ಬರೆದಿಡಿ

ಒಂದು ಸ್ಪ್ರೆಡ್‌ಶೀಟ್ ಸಾಕು. ಕಾರ್ಡಿನ ಹೆಸರು, ಬರ್ಡಿಕ್ ಸಂಖ್ಯೆ, ಅಳತೆ, ಹಿಂಭಾಗದ ಸ್ಥಿತಿ, ಎಲ್ಲಿಂದ ಬಂತು. ಅದರ ಪಕ್ಕದಲ್ಲಿ ಕಟ್ಟಡಕ್ಕೆ ಬೇರೆ ಕಾಲಂ: ಶುರು, ಮುಕ್ತಾಯ, ಬದಲಾವಣೆ, ಈಗಿನ ಸ್ಥಿತಿ. ಕೊನೆಯ ಕಾಲಂನಲ್ಲಿ ಚಿತ್ರ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಅಂತ ಎರಡು ಸಾಲು. ನಿಮ್ಮ ಬಳಿ ಇಲ್ಲದ, ಪರದೆಯ ಮೇಲೆ ಮಾತ್ರ ನೋಡಿದ ಕಾರ್ಡುಗಳನ್ನೂ ಸೇರಿಸಿ, ದಾಖಲೆ ಸಂಖ್ಯೆ ಬರೆದರಾಯಿತು. ಮ್ಯೂಸಿಯಂನ ವಿವರಣೆಯಲ್ಲೇ ಏನಾದರೂ ತಪ್ಪು ಕಂಡರೆ ಅವರಿಗೆ ಬರೆದು ತಿಳಿಸಿ. ಬರೆಯುವಾಗ ಕಟ್ಟಡದ ವರ್ಷ ಮತ್ತು ಕಾರ್ಡಿನ ದಾಖಲೆ ಸಂಖ್ಯೆ ಎರಡನ್ನೂ ಕೊಡಿ.